ಸಿಆರ್‌ಎಂ ತಗೊಳ್ಳಿ, ಆದ್ರೆ ಐದು ಲೈಸೆನ್ಸ್ ಬೇಡ

ಪ್ರಶ್ನೆ: ಚಿಕ್ಕಮಗಳೂರಲ್ಲಿ ನಮ್ದು ವೀಡ್ ಕಟ್ಟರ್, ಸ್ಪ್ರೇಯರ್, ಪಂಪ್‌ಸೆಟ್ ಮಾರಾಟ ಮತ್ತೆ ಸರ್ವೀಸ್ ಅಂಗಡಿ. ಕೌಂಟರಲ್ಲಿ ನಾನು ಮತ್ತೆ ಒಬ್ಬ ಹುಡುಗ, ತೋಟಗಳ ಕಡೆ ಓಡಾಡೋಕೆ ಒಬ್ಬ, ಮೆಕ್ಯಾನಿಕ್ ಇಬ್ರು. ಮೊದ್ಲು ಫೀಲ್ಡಿಗೆ ಹೋಗ್ತಿದ್ದ ಹುಡುಗ ಮಳೆಗಾಲ ಮುಗೀತಿದ್ದಂಗೆ ಬಿಟ್ಟು ಬೇರೆ ಅಂಗಡಿ ಸೇರ್ಕೊಂಡ. ಗಿರಾಕಿಗಳ ನಂಬರು, ಕಳ್ಸಿದ ಕೊಟೇಶನ್ನು ಎಲ್ಲಾ ಅವನ ಫೋನಲ್ಲೇ ಇತ್ತು. ಈಗ ಬೆಂಗಳೂರಿನ ಕಂಪನಿಯೋರೊಬ್ರು ಸಿಆರ್‌ಎಂ, ಅಂದ್ರೆ ಗಿರಾಕಿಗಳ ವಿವರ, ಮಾತುಕತೆ ಎಲ್ಲಾ ಬರೆದಿಡೋ ಸಾಫ್ಟ್‌ವೇರ್, ತಗೊಳ್ಳಿ, ಒಬ್ಬರಿಗೆ ತಿಂಗಳಿಗೆ 1,200 ರೂಪಾಯಿ, ಐದು ಜನದ್ದು ಒಂದು ವರ್ಷಕ್ಕೆ ಒಟ್ಟಿಗೆ ಕಟ್ಟಿ ಅಂತ ದಿನಾ ಫೋನ್ ಮಾಡ್ತಿದಾರೆ. ಬಿಲ್ಲು ಲೆಕ್ಕಕ್ಕೆ ಟ್ಯಾಲಿ ಸಾಫ್ಟ್‌ವೇರ್ ಇದೆಯಲ್ಲ, ಅದು ಸಾಲ್ದಾ? ತಗೊಂಡ್ರೆ ಟ್ಯಾಲಿಗೆ ಲಿಂಕ್ ಮಾಡಿಸ್ಬೇಕಾ? ನಮ್ಮ ಹುಡುಗ್ರು ಇಂಗ್ಲಿಷಲ್ಲಿ ಟೈಪ್ ಮಾಡೋರಲ್ಲ, ಅದೂ ಒಂದು ಚಿಂತೆ.

ಉತ್ತರ: ಮೊದ್ಲು ದುಡ್ಡಿನ ಲೆಕ್ಕ ಹಾಕ್ಬಿಡೋಣ. ತಿಂಗಳಿಗೆ 1,200, ಐದು ಜನ, ಹನ್ನೆರಡು ತಿಂಗಳು, ಅಲ್ಲಿಗೆ 72,000 ಆಯ್ತು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 12,960, ಒಟ್ಟು 84,960 ರೂಪಾಯಿ. ನೀವು ರೆಗ್ಯುಲರ್ ಜಿಎಸ್‌ಟಿಲಿ ಇದ್ರೆ ಆ ಟ್ಯಾಕ್ಸ್ ಇನ್‌ಪುಟ್ ಆಗಿ ವಾಪಸ್ ಸಿಗುತ್ತೆ, ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ) ಆದ್ರೆ ಅದೂ ಕೈಗೆ ಬರಲ್ಲ. ಈ ದುಡ್ಡು ಈಗ ಕಟ್ಬೇಡಿ. ಸಿಆರ್‌ಎಂ ದಂಡ ಅಂತ ಹೇಳ್ತಿಲ್ಲ, ಸೀಸನ್ ಮೇಲೆ ನಡಿಯೋ ನಿಮ್ಮಂಥ ಅಂಗಡಿಗೆ ಅದು ಬೇಕೇ ಬೇಕು. ಐದು ಜನಕ್ಕೆ ಬೇಡ, ವರ್ಷದ್ದು ಒಟ್ಟಿಗೆ ಬೇಡ ಅಷ್ಟೇ.

ಟ್ಯಾಲಿ ಸಾಲ್ದಾ ಅಂದ್ರೆ, ಸಾಲಲ್ಲ. ಟ್ಯಾಲಿಗೆ ಗೊತ್ತಿರೋದು ಬಿಲ್ ಆದ್ಮೇಲಿನ ಕತೆ. ಯಾರಿಗೆ ಏನು ಹೋಯ್ತು, ಬಾಕಿ ಎಷ್ಟು, ಸ್ಟಾಕ್ ಎಷ್ಟು, ಇದನ್ನೆಲ್ಲ ಅದು ಚೆನ್ನಾಗೇ ಹೇಳುತ್ತೆ. ಆದ್ರೆ ಬಿಲ್ ಆಗದೆ ಹೋದ ಗಿರಾಕಿ ಟ್ಯಾಲಿ ಪಾಲಿಗೆ ಹುಟ್ಟೇ ಇಲ್ಲ. ನಿಮ್ಮ ದುಡ್ಡು ಸೋರ್ತಿರೋದು ಅಲ್ಲೇ ನೋಡಿ, "ಆಯ್ತು, ವಿಚಾರ ಮಾಡಿ ಹೇಳ್ತೀನಿ" ಅಂತ ಅವ್ರು ಹೊರಟಾಗಿಂದ ಹಿಡ್ದು ನೀವು ಮತ್ತೆ ಅವ್ರನ್ನ ಮಾತಾಡ್ಸೋ ತನಕ.

ಒಂದು ಉದಾಹರಣೆ ತಗೊಳ್ಳಿ, ನಿಮಗೆ ಹೊಸದೇನಲ್ಲ ಇದು. ಏಪ್ರಿಲ್ ಕೊನೇಲಿ ಆಲ್ದೂರು ಕಡೆ ತೋಟದ ರೈಟರ್ (ಲೆಕ್ಕ ಬರೆಯೋರು) ನಿಮ್ಮ ಫೀಲ್ಡ್ ಹುಡುಗಂಗೆ ಫೋನ್ ಮಾಡ್ತಾರೆ, ಮಳೆ ಹಿಡಿಯೋದ್ರೊಳಗೆ ಬೋರ್ಡೋ ದ್ರಾವಣ ಹೊಡೀಬೇಕು, ಜೋರು ಒತ್ತಡದ ಎಚ್‌ಟಿಪಿ ಸ್ಪ್ರೇಯರ್ ಒಂದು, ಜತೆಗೆ 100 ಮೀಟರ್ ಹೋಸು, ಎಷ್ಟಾಗುತ್ತೆ ಅಂತ. ಹುಡುಗ ತನ್ನ ವಾಟ್ಸಾಪಿಂದ ರೇಟ್ ಕಳಿಸ್ತಾನೆ. ರೈಟರ್ ಅದನ್ನ ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡ್ತಾರೆ, ಮ್ಯಾನೇಜರ್ ಹೇಳ್ತಾರೆ ಸಾಹುಕಾರ್ರು ಬೆಂಗಳೂರಲ್ಲಿದಾರೆ, ಭಾನುವಾರ ತೋಟಕ್ಕೆ ಬರ್ತಾರೆ, ಸೋಮವಾರ ಬೆಳಿಗ್ಗೆ ಒಂದು ಫೋನ್ ಹಾಕಿ. ಸೋಮವಾರ ನಿಮ್ಮ ಹುಡುಗ ಡೆಲಿವರಿಗೆ ಅಂತ ಕಳಸದ ಕಡೆ ಹೋಗಿದಾನೆ, ದಾರಿ ತುಂಬಾ ಸಿಗ್ನಲ್ ಇಲ್ಲ, ವಾಪಸ್ ಬರೋಷ್ಟರಲ್ಲಿ ಕತ್ತಲಾಯ್ತು, ಮಂಗಳವಾರ ಇನ್ನೇನೋ ಬಂತು, ಬುಧವಾರದ ಹೊತ್ತಿಗೆ ತಲೆಯಿಂದ್ಲೇ ಹೋಯ್ತು. ಸಾಹುಕಾರ್ರು ಬೆಂಗಳೂರಿಗೆ ವಾಪಸ್ ಹೋಗ್ತಾ ಹಾಸನದಲ್ಲಿ ಕಾರ್ ನಿಲ್ಸಿ ಅಲ್ಲೇ ಯಾವುದೋ ಅಂಗಡಿಲಿ ಸ್ಪ್ರೇಯರ್ ತಗೊಂಡು ಮಾರನೇ ದಿನ ತೋಟಕ್ಕೆ ಕಳ್ಸಿದ್ರು. ನಿಮಗೆ ಇದ್ಯಾವುದೂ ಗೊತ್ತೇ ಆಗಲ್ಲ. ಯಾರನ್ನೂ ಬೈಯೋಕೂ ಬರಲ್ಲ, ಯಾಕಂದ್ರೆ ನಷ್ಟ ಆಗಿದ್ದಕ್ಕೆ ಒಂದು ಸಾಲೂ ದಾಖಲೆ ಇಲ್ಲ.

ಇಲ್ಲಿ ಸಿಆರ್‌ಎಂ ಏನ್ ಮಾಡ್ತಿತ್ತು? ತೋಟದ ಹೆಸ್ರು, ರೈಟರ್ ನಂಬರು, ಎಚ್‌ಟಿಪಿ ಮತ್ತೆ ಹೋಸು, ಸೋಮವಾರದ ತಾರೀಖು, ಹುಡುಗನ ಹೆಸ್ರು. ಸೋಮವಾರ ಬೆಳಿಗ್ಗೆ ಅಂಗಡಿ ಬಾಗ್ಲು ತೆಗೆಯೋಷ್ಟರಲ್ಲಿ ಅದು ಹುಡುಗನ ಫೋನಲ್ಲೂ ಇರುತ್ತೆ ನಿಮ್ಮ ಫೋನಲ್ಲೂ ಇರುತ್ತೆ, ಅವನು ಕಳಸದ ರೋಡಲ್ಲಿದ್ರೆ ನೀವೇ ಒಂದು ಫೋನ್ ಹಾಕ್ತೀರಿ. ಇಷ್ಟೇ ಮಾರಾಯ್ರೆ. ಡ್ಯಾಶ್‌ಬೋರ್ಡು, ಬಣ್ಣ ಬಣ್ಣದ ಚಾರ್ಟು, ಎಐ ಕೊಡೋ ಮಾರ್ಕ್ಸು, ಇವೆಲ್ಲ ಡೆಮೋದಲ್ಲಿ ನೋಡೋಕೆ ಚೆಂದ. ನಿಮ್ಮ ಅಂಗಡಿಗೆ ಸಿಆರ್‌ಎಂ ಅಂದ್ರೆ ಮುಂದಿನ ತಾರೀಖಿನ ಪುಸ್ತಕ. ಗಿರಾಕಿ ಕೇಳಿ ಹೋದ ಒಂದು ವಿಚಾರಣೆಗೆ ಮುಂದಿನ ತಾರೀಖು ಮತ್ತೆ ಅದಕ್ಕೊಬ್ಬ ಜವಾಬ್ದಾರ ಇಲ್ಲ ಅಂದ್ರೆ ಅದನ್ನ ಎಷ್ಟೇ ದುಬಾರಿ ಸಾಫ್ಟ್‌ವೇರಲ್ಲಿ ಬರ್ದಿಟ್ರೂ ಒಂದೇ, ಸಿಗರೇಟ್ ಪ್ಯಾಕಿನ ಹಿಂದೆ ಬರ್ದಿಟ್ರೂ ಒಂದೇ.

ಈಗ ಬಿಟ್ಟು ಹೋದ ಹುಡುಗನ ವಿಷ್ಯ. ಇದಕ್ಕೆ ಔಷಧಿ ಸಿಆರ್‌ಎಂ ಅಲ್ಲ, ಸಿಮ್ಮು. ಅಂಗಡಿ ಹೆಸರಲ್ಲಿ ಒಂದು ನಂಬರ್ ತಗೊಳ್ಳಿ, ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ, ಆ ಫೋನ್ ಅಂಗಡಿ ಬಿಟ್ಟು ಹೋಗಬಾರ್ದು. ಹುಡುಗರ ಫೋನಿಗೆ ಅದೇ ನಂಬರನ್ನ ಲಿಂಕ್ಡ್ ಡಿವೈಸ್ ಮಾಡಿ ಕೊಡಿ, ಮುಖ್ಯ ಫೋನ್ ಬಿಟ್ಟು ನಾಲ್ಕು ಕಡೆ ಲಿಂಕ್ ಮಾಡಬಹುದು, ಯಾರಾದ್ರೂ ಕೆಲ್ಸ ಬಿಟ್ರೆ ಅವತ್ತೇ ಲಾಗೌಟ್ ಮಾಡೋದು. ಕಾಂಟ್ಯಾಕ್ಟ್ಸ್ ಎಲ್ಲ ಅಂಗಡಿದೇ ಒಂದು ಜಿಮೇಲ್ ಅಕೌಂಟಿಗೆ ಸೇವ್ ಆಗ್ಬೇಕು, ಹುಡುಗನ ಅಕೌಂಟಿಗಲ್ಲ. ಪಾಸ್‌ವರ್ಡು, ಟೂ ಸ್ಟೆಪ್ ಪಿನ್ನು ನಿಮ್ಮ ಹತ್ರ ಇರ್ಲಿ. ಇದಿಷ್ಟಕ್ಕೆ ಸಿಮ್ಮಿನ ರೀಚಾರ್ಜ್ ಬಿಟ್ರೆ ಖರ್ಚಿಲ್ಲ, ಒಂದು ಮಧ್ಯಾಹ್ನದ ಕೆಲ್ಸ. ಇದು ಮಾಡದೆ ಸಿಆರ್‌ಎಂ ತಗೊಂಡ್ರೆ ಹೊಸ ಹುಡುಗನೂ ತನ್ನ ಸ್ವಂತ ನಂಬರಿಂದ್ಲೇ ಮಾತಾಡ್ತಾನೆ, ಸಿಆರ್‌ಎಂಗೆ ಹಾಕೋದು ನೀವು ಕೇಳಿದಾಗ ಮಾತ್ರ.

ಹೋದ ನಂಬರ್ ಹೆಂಗೆ ವಾಪಸ್ ತಗೊಳ್ಳೋದು ಅಂತ ತಲೆ ಕೆಡಿಸ್ಕೊಂಡಿರ್ತೀರಿ. ಟ್ಯಾಲಿ ಲೆಡ್ಜರಲ್ಲಿ ಮೊಬೈಲ್ ನಂಬರ್ ಹಾಕೋ ಜಾಗ ಇರುತ್ತೆ ಆದ್ರೆ ಯಾರೂ ಹಾಕಿರಲ್ಲ, ಅರ್ಧ ಬಿಲ್ಲು ಕ್ಯಾಶ್ ಅಂತ್ಲೇ ಹೋಗಿರುತ್ತೆ. ಅದಕ್ಕಿಂತ ಒಳ್ಳೆ ಖಜಾನೆ ನಿಮ್ಮ ಮೆಕ್ಯಾನಿಕ್ ಟೇಬಲ್ ಮೇಲಿದೆ, ಸರ್ವೀಸ್ ಜಾಬ್ ಕಾರ್ಡ್ ಪುಸ್ತಕ. ಮೆಷಿನ್ ರೆಡಿ ಆದ್ರೆ ಫೋನ್ ಮಾಡ್ಬೇಕಲ್ಲ, ಹಂಗಾಗಿ ಅದರಲ್ಲಿ ನಂಬರ್ ಖಂಡಿತ ಇರುತ್ತೆ, ಊರು ಇರುತ್ತೆ, ಮೆಷಿನ್ ಮಾಡೆಲ್ ಇರುತ್ತೆ, ಏನ್ ಕಂಪ್ಲೇಂಟ್ ಅಂತ ಗ್ರೀಸ್ ಕೈಲಿ ಬರ್ದಿರ್ತಾರೆ. ಆಮೇಲೆ ವಾರಂಟಿ ಕಾರ್ಡಿನ ಕೌಂಟರ್ ಫಾಯಿಲ್ಲು. ಎರಡು ವರ್ಷದ ಪುಸ್ತಕ ತೆಗೆದು ಕೂತ್ಕೊಂಡು ಶೀಟಿಗೆ ಇಳ್ಸಿ. ಇದು ಬೇಜಾರಿನ ಕೆಲ್ಸ, ಬೇಕಾದ್ರೆ ಕಾಲೇಜಿಗೆ ಹೋಗೋ ಹುಡುಗೀನೋ ಹುಡುಗನೋ ಸಿಕ್ರೆ ದುಡ್ಡು ಕೊಟ್ಟು ಮಾಡಿಸಿ. ಅವನ ಫೋನಲ್ಲಿ ಹೋಗಿದ್ದು ಹೆಸ್ರು ನಂಬರು, ನಿಮ್ಮ ಪುಸ್ತಕದಲ್ಲಿ ಯಾರ ಹತ್ರ ಯಾವ ಮೆಷಿನ್ ಇದೆ ಅನ್ನೋದೇ ಇದೆ, ಅದಕ್ಕೆ ಬೆಲೆ ಜಾಸ್ತಿ.

ಇಳಿಸೋವಾಗ ಒಂದು ಎಚ್ಚರ. ನಮ್ಮ ಕಡೆ ಹೆಸರು ನಂಬಿ ಡೇಟಾ ಮಾಡೋಕಾಗಲ್ಲ. ಬಿಲ್ಲಲ್ಲಿ ಮಂಜುನಾಥ ಗೌಡ, ಜಾಬ್ ಕಾರ್ಡಲ್ಲಿ ಮಂಜಣ್ಣ, ಹುಡುಗನ ಫೋನಲ್ಲಿ ಮಂಜಣ್ಣ ಮಲ್ಲಂದೂರು, ಇನ್ನೊಬ್ಬ ಹುಡುಗನ ಫೋನಲ್ಲಿ ಬಿಳಿ ಜೀಪ್ ಮಂಜಣ್ಣ, ನಾಲ್ಕೂ ಒಬ್ಬರೇ. ಅದೇ ಊರಲ್ಲಿ ಇನ್ನೂ ಮೂರು ಜನ ಮಂಜಣ್ಣ ಇರ್ತಾರೆ. ಅದಕ್ಕೆ ಮೊಬೈಲ್ ನಂಬರೇ ಗುರುತು ಅಂತ ಇಟ್ಕೊಳ್ಳಿ, ಸಾಫ್ಟ್‌ವೇರಲ್ಲಿ ಫೋನ್ ನಂಬರ್ ಎರಡು ಸಲ ಬರಬಾರ್ದು ಅಂತ ಸೆಟ್ಟಿಂಗ್ ಇದ್ರೆ ಮೊದ್ಲ ದಿನಾನೇ ಆನ್ ಮಾಡಿ. ನಂಬರಿಗೆ ಮುಂದೆ ಸೊನ್ನೆ ಒಂದು ಕಡೆ, 91 ಇನ್ನೊಂದು ಕಡೆ, ಮಧ್ಯದಲ್ಲಿ ಸ್ಪೇಸು, ಹಿಂಗೆಲ್ಲ ಇದ್ರೆ ಸಾಫ್ಟ್‌ವೇರಿಗೆ ಎಲ್ಲಾ ಬೇರೆ ಬೇರೆ ಜನ, ಹಂಗಾಗಿ ಹತ್ತು ಅಂಕಿ ಬಿಟ್ರೆ ಬೇರೇನೂ ಹಾಕಬಾರ್ದು ಅಂತ ಹುಡುಗರಿಗೆ ಕಟ್ಟುನಿಟ್ಟಾಗಿ ಹೇಳಿ. ಹೆಸರಿನ ಜಾಗದಲ್ಲಿ ಜನ ಏನಂತ ಕರೀತಾರೋ ಅದೇ ಇರ್ಲಿ, ಬಿಳಿ ಜೀಪ್ ಅಂತ್ಲೂ ಬರೀರಿ ತೊಂದ್ರೆ ಇಲ್ಲ, ಅವರಿಗೆ ಹೋಗೋ ಮೆಸೇಜಲ್ಲಿ ಮಾತ್ರ ಅದು ಬರದಂಗೆ ನೋಡ್ಕೊಳ್ಳಿ!

ದೊಡ್ಡ ತೋಟಗಳದ್ದು ಇನ್ನೊಂದು ಸಮಸ್ಯೆ. ಫೋನ್ ಮಾಡೋರು ರೈಟರ್, ಒಪ್ಪಿಗೆ ಕೊಡೋರು ಮ್ಯಾನೇಜರ್ ಇಲ್ಲ ಸಾಹುಕಾರ್ರು, ಬಿಲ್ ಹೋಗೋದು ಎಸ್ಟೇಟ್ ಹೆಸರಿಗೆ, ಮೆಷಿನ್ ಕೆಟ್ರೆ ತರೋನು ಡ್ರೈವರ್. ಸಿಆರ್‌ಎಂಗಳಲ್ಲಿ ಇದಕ್ಕೇ ಅಂತ ಎರಡು ಪೆಟ್ಟಿಗೆ ಇರುತ್ತೆ, ತೋಟಕ್ಕೆ ಒಂದು, ಅದನ್ನ ಅಕೌಂಟ್ ಅಂತ್ಲೋ ಕಂಪನಿ ಅಂತ್ಲೋ ಕರೀತಾರೆ, ಅದರ ಕೆಳಗೆ ಕಾಂಟ್ಯಾಕ್ಟ್ ಅಂತ ಆ ನಾಲ್ಕೂ ಜನ. ಹಿಂಗೆ ಇಟ್ರೆ ರೈಟರ್ ಬದಲಾದ್ರೂ ತೋಟದ ಹಿಸ್ಟರಿ ಹೋಗಲ್ಲ. ಸಣ್ಣ ಬೆಳೆಗಾರರಿಗೆ ಇದು ಬೇಡ, ಅವರದ್ದು ಒಂದೇ ನಂಬರು. ಲೀಡ್ ಅಂತ, ಅಂದ್ರೆ ಇನ್ನೂ ಪರಿಚಯ ಇಲ್ಲದ ಹೊಸಬರಿಗೆ, ಇನ್ನೊಂದು ಪೆಟ್ಟಿಗೆ ಇರುತ್ತೆ ಕೆಲವದರಲ್ಲಿ, ಅದನ್ನ ಆಮೇಲೆ ಕನ್ವರ್ಟ್ ಮಾಡ್ಬೇಕು ಅದು ಇದು. ನಿಮಗೆ ಬರೋರು ಹೆಚ್ಚುಕಮ್ಮಿ ಎಲ್ಲ ಗೊತ್ತಿರೋರೇ, ಲೀಡ್ ಪೆಟ್ಟಿಗೆ ಮುಚ್ಚಿಟ್ಬಿಡಿ.

ಮುಂದಿನ ತಾರೀಖು ಅಂದ್ನಲ್ಲ, ಅದನ್ನ ಹೆಂಗೆ ಹಾಕೋದು ಅನ್ನೋದ್ರಲ್ಲೇ ನಿಮ್ಮ ಬುದ್ಧಿ ಇರೋದು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಡೆಮೋದಲ್ಲಿ ತೋರ್ಸೋದು ಮೂರು ದಿನಕ್ಕೊಂದು ಫಾಲೋಅಪ್, ಏಳು ದಿನಕ್ಕೊಂದು ಫಾಲೋಅಪ್. ನಮ್ಮಲ್ಲಿ ಅದು ನಡಿಯಲ್ಲ, ಡಿಸೆಂಬರಲ್ಲಿ ಹಣ್ಣು ಕುಯ್ಲು ನಡೀವಾಗ ಬೆಳೆಗಾರರಿಗೆ ಫೋನ್ ಮಾಡಿ ವೀಡ್ ಕಟ್ಟರ್ ಬೇಕಾ ಅಂದ್ರೆ ಬೈಸ್ಕೊಳ್ತೀರಿ. ಕಾಫಿ ಕ್ಯಾಲೆಂಡರ್ ಪ್ರಕಾರ ತಾರೀಖು ಹಾಕಿ. ಜನವರಿಯಲ್ಲಿ ಯಾರ್ಯಾರು ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕ್ತಾರೋ ಅವರ ಪಂಪ್‌ಸೆಟ್ಟು, ಜೆಟ್ಟು, ಪೈಪಿನ ಗ್ಯಾಸ್ಕೆಟ್ ವಿಚಾರ, ಯಾಕಂದ್ರೆ ಫೆಬ್ರವರಿ ಮಾರ್ಚಲ್ಲಿ ಹೂವಿಗೆ ನೀರು ಕೊಡೋ ದಿನ ಪಂಪು ಕೈ ಕೊಟ್ರೆ ಅವರಿಗೆ ಆ ವರ್ಷದ ಫಸಲಿನ ಪ್ರಶ್ನೆ. ಏಪ್ರಿಲಲ್ಲಿ ಎರಡು ಪಟ್ಟಿ, ಬೋರ್ಡೋ ಹೊಡಿಯೋ ಸ್ಪ್ರೇಯರಿಂದೊಂದು, ಹೋದ ವರ್ಷ ವೀಡ್ ಕಟ್ಟರ್ ತಗೊಂಡೋರದ್ದೊಂದು. ಪೆಟ್ರೋಲ್ ಖಾಲಿ ಮಾಡದೆ ಹಂಗೇ ಶೆಡ್ಡಲ್ಲಿಟ್ಟ ಮೆಷಿನ್ನು ಜೂನಲ್ಲಿ ಹಗ್ಗ ಎಳೆದ್ರೆ ಸ್ಟಾರ್ಟ್ ಆಗಲ್ಲ, ಕಾರ್ಬೊರೇಟರ್ ಕಟ್ಕೊಂಡಿರುತ್ತೆ, ಆಗ ಎಲ್ಲರೂ ಒಂದೇ ವಾರ ನಿಮ್ಮ ಅಂಗಡಿ ಮುಂದೆ ನಿಲ್ತಾರೆ, ಮೆಕ್ಯಾನಿಕ್ ಇಬ್ರೂ ಸತ್ತೋಗ್ತಾರೆ. ಏಪ್ರಿಲ್ ಮೇ ತಿಂಗಳಲ್ಲೇ ಒಂದೊಂದು ಹೋಬಳಿಯೋರಿಗೆ ಫೋನ್ ಮಾಡಿ ಮೆಷಿನ್ ಕಳ್ಸಿ, ಕಾರ್ಬೊರೇಟರ್ ಕ್ಲೀನ್ ಮಾಡಿ ಪ್ಲಗ್ಗು ಫಿಲ್ಟರು ನೋಡಿ ಕೊಡ್ತೀವಿ ಅಂದ್ರೆ ಆ ರಶ್ಶೂ ತಪ್ಪುತ್ತೆ, ಬಂದೋರು ಬ್ಲೇಡು ನೈಲಾನ್ ದಾರ ಆಯಿಲ್ಲು ತಗೊಂಡೇ ಹೋಗ್ತಾರೆ. ಅಡಿಕೆ ಇರೋ ಕೊಪ್ಪ ಶೃಂಗೇರಿ ಕಡೆಯೋರಿಗೆ ಕೊಳೆ ರೋಗದ ಔಷಧಿ ಮಳೆ ಶುರುವಿಗೆ ಒಂದು ಸಲ, ಸುಮಾರು 40-45 ದಿನ ಬಿಟ್ಟು ಇನ್ನೊಂದು ಸಲ, ಎರಡನೇ ಸಲದ ಹೊತ್ತಿಗೆ ವಾಷರ್ರು ಗನ್ನು ಸವೆದಿರುತ್ತೆ, ಅದಕ್ಕೊಂದು ತಾರೀಖು. ಅಕ್ಟೋಬರಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ಸರ್ವೀಸು. ಕಡೂರು ಸಖರಾಯಪಟ್ಟಣದ ಗಿರಾಕಿ ಇದ್ರೆ ಅವರ ಲೆಕ್ಕವೇ ಬೇರೆ, ಬೋರ್‌ವೆಲ್ ಮೋಟ್ರು, ಬೇಸಿಗೆ. ಅದಕ್ಕೆ ಪ್ರತಿ ಗಿರಾಕಿ ಮುಂದೆ ಹೋಬಳಿ ಮತ್ತೆ ಬೆಳೆ ಅಂತ ಎರಡು ಕಾಲಂ ಇರ್ಲೇಬೇಕು, ಇದೆರಡು ಇದ್ರೆ ಉಳಿದ ಫಿಲ್ಟರ್ ಎಲ್ಲಾ ತಾನಾಗೇ ಬರುತ್ತೆ.

ವಿಚಾರಣೆ ಎಲ್ಲಿಗೆ ಬಂತು ಅಂತ ತೋರ್ಸೋ ಹಂತಗಳನ್ನ ಕಮ್ಮಿ ಇಡಿ. ಕೇಳಿದ್ರು, ಕೊಟೇಶನ್ ಹೋಯ್ತು, ಮೆಷಿನ್ ತೋರ್ಸಿದ್ವಿ, ಸಬ್ಸಿಡಿ ಕಾಯ್ತಿದೆ, ಬಿಲ್ ಆಯ್ತು, ಕೈ ತಪ್ತು. ಕೈ ತಪ್ಪಿದ್ದಕ್ಕೆ ಮಾತ್ರ ಕಾರಣ ಕಡ್ಡಾಯ, ಅದೂ ಆರಿಸೋ ಥರ ಇರ್ಬೇಕು, ಬರೆಯೋ ಥರ ಅಲ್ಲ: ರೇಟು, ಸ್ಟಾಕ್ ಇರಲಿಲ್ಲ, ಬೇರೆ ಬ್ರ್ಯಾಂಡ್, ಸರ್ವೀಸ್ ಮೇಲೆ ಬೇಜಾರು, ನಾವೇ ಫೋನ್ ಮಾಡ್ಲಿಲ್ಲ. ಈ ಕೊನೇದನ್ನ ಯಾವ ಹುಡುಗನೂ ಒತ್ತಲ್ಲ, ಎಲ್ಲದಕ್ಕೂ ರೇಟು ಅಂತ್ಲೇ ಒತ್ತಿರ್ತಾನೆ. ಒಂದೇ ಕೈಯಲ್ಲಿ ಸಾಲಾಗಿ ರೇಟು ರೇಟು ಅಂತ ಬಂದ್ರೆ ಡಿಸ್ಕೌಂಟ್ ಕೊಡೋಕೆ ಹೋಗ್ಬೇಡಿ, ಅದರಲ್ಲಿ ನಾಲ್ಕೈದು ಜನಕ್ಕೆ ನೀವೇ ಫೋನ್ ಮಾಡಿ ಕೇಳಿ ನೋಡಿ.

ಸಬ್ಸಿಡಿ ಹಂತ ಬೇರೆಯಾಗೇ ಇರ್ಲಿ ಅಂದಿದ್ದಕ್ಕೆ ಕಾರಣ ಇದೆ. ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಹಾಕಿ, ಅದು ಮಂಜೂರಾಗಿ ಬರೋ ತನಕ ತಿಂಗಳುಗಟ್ಟಲೆ ಆಗಬಹುದು, ಆ ಗಿರಾಕಿನ ಮಾಮೂಲಿ ಪಟ್ಟೀಲಿ ಇಟ್ರೆ ಹುಡುಗ ವಾರಕ್ಕೊಮ್ಮೆ ಫೋನ್ ಮಾಡಿ ಅವರಿಗೂ ಬೇಜಾರು ಇವನಿಗೂ ಬೇಜಾರು. ಇಲ್ಲೇ ಇನ್ನೊಂದು ಮಾತು, ಸಬ್ಸಿಡಿ ಹೆಸರಲ್ಲಿ ಹುಡುಗರ ಫೋನಲ್ಲಿ ಆಧಾರ್ ಫೋಟೋ, ಪಹಣಿ, ಜಾತಿ ಸರ್ಟಿಫಿಕೇಟ್, ಪಾಸ್‌ಬುಕ್ಕು ರಾಶಿ ಬಿದ್ದಿರುತ್ತೆ. ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಗೆ ಅಂತ 2023ರಲ್ಲೇ ಕಾಯ್ದೆ ಬಂದಿದೆ, 2025ರ ನವೆಂಬರಲ್ಲಿ ಅದರ ನಿಯಮಗಳೂ ಬಂದ್ವು, ಹಂತ ಹಂತವಾಗಿ ಜಾರಿಗೆ ಬರ್ತಿದೆ, ಸಣ್ಣ ಅಂಗಡಿ ಅಂತ ಪೂರ್ತಿ ಹೊರಗಿಲ್ಲ. ಸರ್ಕಾರ ರೈತರಿಗೆ ಕೊಡೋ ಫ್ರೂಟ್ಸ್ ಐಡಿ ನಂಬರ್ ಬರ್ಕೊಳ್ಳಿ ಸಾಕು, ಕೆಲ್ಸ ಮುಗಿದ ಮೇಲೆ ದಾಖಲೆ ಫೋಟೋಗಳನ್ನ ಅಳಿಸಿ, ಸಿಆರ್‌ಎಂಗೆ ಅಂತೂ ಅಪ್‌ಲೋಡ್ ಮಾಡ್ಲೇಬೇಡಿ. ಕಾನೂನು ಬಿಡಿ, ಇವತ್ತು ನಂಬರ್ ಹೊತ್ತೊಯ್ದ ಹುಡುಗನ ಜಾಗದಲ್ಲಿ ನಾಳೆ ಇನ್ನೊಬ್ಬ ಗಿರಾಕಿಗಳ ಆಧಾರ್ ಹೊತ್ಕೊಂಡು ಹೋದ್ರೆ ಊರಲ್ಲಿ ತಲೆ ಎತ್ತೋಕಾಗುತ್ತಾ?

ಯಾವ ಸಾಫ್ಟ್‌ವೇರು? ಮೊದಲ ಒಂದು ತಿಂಗಳು ಯಾವುದೂ ಬೇಡ, ಗೂಗಲ್ ಶೀಟು. ಮೇಲೆ ಹೇಳಿದ ಕಾಲಂಗಳು, ಫೋನ್, ಹೆಸ್ರು, ತೋಟ, ಹೋಬಳಿ, ಬೆಳೆ, ಏನ್ ಬೇಕು, ಹಂತ, ಮುಂದಿನ ತಾರೀಖು, ಯಾರು. ತಾರೀಖು ದಾಟಿದ ಸಾಲು ಕೆಂಪಾಗೋ ಥರ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕ್ಸಿ. ಒಂದು ತಿಂಗಳು ಶೀಟ್ ತುಂಬೋಕೆ ನಿಮ್ಮ ಅಂಗಡಿಗೆ ಆಗ್ಲಿಲ್ಲ ಅಂದ್ರೆ 84,960 ರೂಪಾಯಿ ಕೊಟ್ರೂ ತುಂಬಲ್ಲ, ಅಷ್ಟು ದುಡ್ಡು ಉಳೀತು ಅನ್ಕೊಳ್ಳಿ. ತುಂಬಿದ್ರೆ ಆಗ ಸಾಫ್ಟ್‌ವೇರಿಗೆ ಹೋಗಿ, ಯಾಕಂದ್ರೆ ಶೀಟಲ್ಲಿ ನೆನಪಿಸೋ ಅಲಾರಂ ಸರಿಯಾಗಿ ಬರಲ್ಲ, ಯಾರಾದ್ರೂ ಒಂದು ಸಾಲು ಅಳಿಸಿದ್ರೆ ತಕ್ಷಣ ಗೊತ್ತಾಗಲ್ಲ, ಒಂದೇ ತೋಟದ ಹಳೇ ಮಾತುಕತೆ ಎಲ್ಲಾ ಒಂದು ಕಡೆ ಕಾಣಲ್ಲ.

ಆಗ್ಲೂ ಮೊದ್ಲು ಫ್ರೀ ಇರೋದನ್ನ ನೋಡಿ. ಚೆನ್ನೈನ ಜೋಹೋದವರ ಸಿಆರ್‌ಎಂ ಮೂರು ಜನರ ತನಕ ಫ್ರೀ ಇದೆ, ಅದೇ ಕಂಪನಿಯವರು ಸಣ್ಣ ವ್ಯಾಪಾರಕ್ಕೆ ಅಂತ್ಲೇ ಬಿಗಿನ್ ಅಂತ ಇನ್ನೊಂದು ಮಾಡಿದಾರೆ, 2020ರಲ್ಲಿ ಬಂದಿದ್ದು, ಅದರಲ್ಲಿ ತಲೆನೋವು ಕಮ್ಮಿ, ನಿಮ್ಮಂಥ ಅಂಗಡಿಗೆ ನನ್ನ ಓಟು ಅದಕ್ಕೇ. ಓಪನ್ ಸೋರ್ಸಲ್ಲಿ, ಅಂದ್ರೆ ಕೋಡ್ ಎಲ್ಲರಿಗೂ ತೆರೆದಿರೋದ್ರಲ್ಲಿ, ಓಡೂ (Odoo) ಅನ್ನೋದಿದೆ, ಫ್ರಾಪ್ಪೆಯವರದ್ದಿದೆ, ಸಾಮಾನು ಒಳ್ಳೇದೇ ಆದ್ರೆ ಅದನ್ನ ಕೂರಿಸಿ ನೋಡ್ಕೊಳ್ಳೋಕೆ ಒಬ್ಬ ಬೇಕು, ಆ ಗೋಜು ನಿಮಗೆ ಯಾಕೆ. ಫ್ರೀ ಮಿತಿಗಳು ಆಗಾಗ ಬದಲಾಗ್ತವೆ, ಸೈಟಲ್ಲಿ ಅವತ್ತಿನದ್ದು ನೋಡ್ಕೊಂಡು ಶುರು ಮಾಡಿ.

ಐದು ಲೈಸೆನ್ಸ್ ಯಾಕೆ ಬೇಡ ಅಂದ್ರೆ, ಮೆಕ್ಯಾನಿಕ್ ಇಬ್ಬರಿಗೆ ಅದು ಬೇಕಾಗೇ ಇಲ್ಲ. ಅವರು ಜಾಬ್ ಕಾರ್ಡ್ ಬರೀಲಿ, ಸಂಜೆ ಕೌಂಟರ್ ಹುಡುಗ ಅದನ್ನ ಸಿಸ್ಟಮಿಗೆ ಏರಿಸ್ಲಿ. ಅಲ್ಲಿಗೆ ನೀವು, ಕೌಂಟರು, ಫೀಲ್ಡು, ಮೂರೇ ಜನ. ಆ ಬೆಂಗಳೂರಿನವರು ಮತ್ತೆ ಫೋನ್ ಮಾಡಿದ್ರೆ ಮೂರು ಲೈಸೆನ್ಸ್, ತಿಂಗಳು ತಿಂಗಳು ಕಟ್ತೀವಿ, ಕೊಡ್ತೀರಾ ಅಂತ ಕೇಳಿ. ಬಿಟ್ಟು ಹೋಗ್ಬೇಕು ಅಂದ್ರೆ ನಮ್ಮ ಡೇಟಾ ಪೂರ್ತಿ, ನೋಟ್ಸ್ ಸಮೇತ, ಎಕ್ಸೆಲಲ್ಲಿ ನಾವೇ ಇಳಿಸ್ಕೋಬಹುದಾ ಅಥವಾ ನೀವು ಕೊಡ್ಬೇಕಾ ಅಂತ ಕೇಳಿ, ನಾವೇ ಕೊಡ್ತೀವಿ ಅಂದ್ರೆ ನಮಸ್ಕಾರ ಹೇಳಿ. ಇನ್ನೊಂದು, ಅವರ ಆ್ಯಪ್ ನೆಟ್‌ವರ್ಕ್ ಇಲ್ಲದ ಕಡೆ ಕೆಲ್ಸ ಮಾಡುತ್ತಾ ಅನ್ನೋದು. ಇದನ್ನ ಬಾಯಲ್ಲಿ ಕೇಳಿ ನಂಬಬೇಡಿ, ಟ್ರಯಲ್ ಹಾಕ್ಕೊಂಡು ಫೀಲ್ಡ್ ಹುಡುಗನ್ನ ಸಿಗ್ನಲ್ ಇಲ್ಲದ ತೋಟಕ್ಕೆ ಕಳಿಸಿ, ಅಲ್ಲಿ ಒಂದು ಎಂಟ್ರಿ ಮಾಡಿ ಆಲ್ದೂರಿಗೆ ಬಂದ್ಮೇಲೆ ಅದು ತಾನಾಗೇ ಸೇರ್ಕೊಳ್ತಾ ಅಥವಾ ಮಾಯ ಆಯ್ತಾ ನೋಡಿ. ಮಲೆನಾಡಲ್ಲಿ ಎಷ್ಟೋ ಕಡೆ ಸಿಆರ್‌ಎಂ ಸತ್ತಿರೋದು ಇದೇ ಕಾರಣಕ್ಕೆ, ಒಂದು ಸಲ ಬರೆದದ್ದು ಹೋಯ್ತು ಅಂದ್ರೆ ಹುಡುಗ ಎರಡನೇ ಸಲ ಬರಿಯಲ್ಲ.

ಇಂಗ್ಲಿಷ್ ಚಿಂತೆ ಬಿಡಿ. ಕನ್ನಡದಲ್ಲೇ ಬರೀಬಹುದು, ಎಲ್ಲದರಲ್ಲೂ ಯೂನಿಕೋಡ್ ಕನ್ನಡ ಕೂರುತ್ತೆ, ಗೂಗಲ್ ಕೀಬೋರ್ಡಲ್ಲಿ ಮೈಕ್ ಒತ್ತಿ ಮಾತಾಡಿದ್ರೆ ಅದೇ ಟೈಪ್ ಮಾಡ್ಕೊಳ್ಳುತ್ತೆ, ಮಲೆನಾಡಿನ ಊರ ಹೆಸರುಗಳನ್ನ ಮಾತ್ರ ಏನೇನೋ ಮಾಡುತ್ತೆ, ಅದಕ್ಕೆ ಊರು ಹೋಬಳಿನ ಆರಿಸೋ ಪಟ್ಟಿ ಮಾಡಿಟ್ಬಿಡಿ. ತೊಂದ್ರೆ ಇರೋದು ಕಲಬೆರಕೆಯಲ್ಲಿ. ಒಬ್ಬ ಕನ್ನಡ ಅಕ್ಷರದಲ್ಲಿ ಬರೆದ ಹೆಸ್ರನ್ನ ಇನ್ನೊಬ್ಬ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದ್ರೆ ಸಿಗಲ್ಲ, ಇಲ್ಲ ಅಂದ್ಕೊಂಡು ಹೊಸದು ಮಾಡ್ತಾನೆ. ಹೆಸರು ಯಾವ ಲಿಪಿ ಅಂತ ಒಂದು ತೀರ್ಮಾನ ಮಾಡಿ ಎಲ್ಲರೂ ಅದರಲ್ಲೇ ಬರೀರಿ, ನೋಟ್ಸ್ ಯಾವುದರಲ್ಲಾದ್ರೂ ಇರ್ಲಿ. ಹುಡುಕೋದು ಹೆಂಗಿದ್ರೂ ಫೋನ್ ನಂಬರಲ್ಲಿ.

ವಾಟ್ಸಾಪ್ ಬಗ್ಗೆ ಕೇಳಿಲ್ಲ ನೀವು, ಆದ್ರೆ ಅವರು ಮುಂದಿನ ಸಲ ಅದನ್ನೇ ತೋರಿಸ್ತಾರೆ, ಒಂದು ಬಟನ್ ಒತ್ತಿದ್ರೆ ಎರಡು ಸಾವಿರ ಜನಕ್ಕೆ ಹೋಗುತ್ತೆ ಅಂತ. ಮಾಮೂಲಿ ಬಿಸಿನೆಸ್ ಆ್ಯಪಲ್ಲಿ ಒಂದು ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನ, ಅದೂ ನಿಮ್ಮ ನಂಬರ್ ಸೇವ್ ಮಾಡ್ಕೊಂಡೋರಿಗೆ ಮಾತ್ರ ತಲುಪುತ್ತೆ, ಹಂಗಾಗಿ ಬಿಲ್ ಮಾಡೋವಾಗ್ಲೇ ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ ಅಂತ ಹೇಳೋ ಅಭ್ಯಾಸ ಒಳ್ಳೇದು. ಸಿಆರ್‌ಎಂಗೆ ಸೇರ್ಸೋದು ಬೇರೆ, ವಾಟ್ಸಾಪಿನ ಎಪಿಐ, ಅಂದ್ರೆ ಬೇರೆ ಸಾಫ್ಟ್‌ವೇರಿಂದ್ಲೇ ವಾಟ್ಸಾಪ್ ಮೆಸೇಜ್ ಕಳಿಸೋ ದಾರಿ. ಅದರಲ್ಲಿ ನೀವಾಗೇ ಕಳಿಸೋ ಮೆಸೇಜಿಗೆ ಮೊದ್ಲೇ ಟೆಂಪ್ಲೇಟ್ ಒಪ್ಪಿಗೆ ಬೇಕು, 2025ರ ಜುಲೈಯಿಂದ ಮೆಸೇಜ್ ಲೆಕ್ಕದಲ್ಲಿ ದುಡ್ಡು, ಜಾಹೀರಾತು ಥರದ್ದಕ್ಕೆ ರೇಟ್ ಜಾಸ್ತಿ. ಗಿರಾಕಿನೇ ಮೆಸೇಜ್ ಮಾಡಿದ್ರೆ ಅಲ್ಲಿಂದ 24 ಗಂಟೆ ನೀವು ಕೊಡೋ ಉತ್ತರಕ್ಕೆ ಚಾರ್ಜಿಲ್ಲ. ಈ ಖರ್ಚು 1,200ರಲ್ಲಿ ಸೇರಿದೆಯಾ ಬೇರೆನಾ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಇದ್ಯಾವುದೂ ಬೇಡ ಅಂತ ಕಳ್ಳ ಬಲ್ಕ್ ಸೆಂಡರ್ ಸಾಫ್ಟ್‌ವೇರ್ ಹಾಕ್ಕೊಂಡ್ರೆ ನಂಬರೇ ಬ್ಯಾನ್ ಆಗುತ್ತೆ, ಅಂಗಡಿ ಬೋರ್ಡಿನ ಮೇಲಿರೋ ನಂಬರ್ ಹೋದ್ರೆ ಆಮೇಲೆ ಅಳೋದೇ. ನಿಮ್ಮ ವ್ಯಾಪಾರಕ್ಕೆ ಎರಡು ಸಾವಿರ ಜನಕ್ಕೆ ಒಂದು ಮೆಸೇಜಿಗಿಂತ ದಿನಕ್ಕೆ ಹತ್ತು ಜನಕ್ಕೆ ಫೋನು ಮೇಲು ಅನ್ನೋದು ನನ್ನ ಅಭಿಪ್ರಾಯ. ಆಮೇಲೆ ಬಾಕಿ ನೆನಪಿಸೋ ಮೆಸೇಜನ್ನ ಮಾತ್ರ ಆಟೋಮ್ಯಾಟಿಕ್ ಮಾಡ್ಬೇಡಿ ಮಾರಾಯ್ರೆ. ಕುಯ್ಲು ಮುಗಿದು ಕಾಫಿ ಮಾರಿದ್ಮೇಲೆ ಕೊಡ್ತೀನಿ ಅಂತ ಮಾತು ಕೊಟ್ಟಿರೋ ಬೆಳೆಗಾರರಿಗೆ ಜುಲೈ ತಿಂಗಳಲ್ಲಿ ಓವರ್‌ಡ್ಯೂ ಅಂತ ಮೆಸೇಜ್ ಹೋದ್ರೆ ಬಾಕಿ ಬರುತ್ತೆ, ಅವರು ಮತ್ತೆ ಬರಲ್ಲ.

ಹುಡುಗರು ತುಂಬ್ತಾರಾ ಅನ್ನೋದು ಅವರಿಗಿಂತ ನಿಮ್ಮ ಮೇಲೆ ನಿಂತಿದೆ. ಬೆಳಿಗ್ಗೆ ಅಂಗಡಿ ತೆಗೆದ ಮೇಲೆ ಕಾಫಿ ಕುಡಿಯೋ ಹೊತ್ತಲ್ಲಿ ಇವತ್ತಿನ ತಾರೀಖಿನ ಪಟ್ಟಿನ ಎಲ್ಲರ ಮುಂದೆ ಓದಿ, ಇದು ಯಾರು ಮಾಡ್ತೀರಿ ಅಂತ ಕೇಳಿ, ಮುಗೀತು. ನೀವು ಒಂದು ವಾರ ಓದ್ಲಿಲ್ಲ ಅಂದ್ರೆ ಎರಡನೇ ವಾರದಿಂದ ಅವರು ಬರಿಯಲ್ಲ, ಅದು ಸಹಜ. ಫೀಲ್ಡ್ ಹುಡುಗಂಗೆ ಇನ್ಸೆಂಟಿವ್ ಕೊಡ್ತೀರಾ ಅಂದ್ರೆ ಅವನ ಹೆಸರಲ್ಲಿ ಸಿಸ್ಟಮಲ್ಲಿ ಇರೋ ವಿಚಾರಣೆ ಬಿಲ್ ಆದ್ರೆ ಮಾತ್ರ ಅಂತ ಮಾಡಿ, ಆಗ ಅವನೇ ರಾತ್ರಿ ಮನೇಲಿ ಕೂತು ತುಂಬ್ತಾನೆ. ಇಪ್ಪತ್ತು ಕಡ್ಡಾಯ ಕಾಲಂ ಇಟ್ರೆ ಎಲ್ಲದರಲ್ಲೂ ಚುಕ್ಕಿ ಹಾಕಿ ಸೇವ್ ಮಾಡ್ತಾನೆ, ಅದೂ ಸಹಜ. ತಾರೀಖು ತಪ್ಪಿದ್ದಕ್ಕೆ ಬೈಯಿರಿ, ಕೈ ತಪ್ಪಿದ್ದನ್ನ ನಿಜ ಬರೆದದ್ದಕ್ಕೆ ಬೈಬೇಡಿ.

ಟ್ಯಾಲಿ ಲಿಂಕ್ ಮೊದಲ ವರ್ಷ ಬೇಡ. ಲಿಂಕ್ ಮಾಡ್ಸೋಕೆ ಬೇರೆ ಚಾರ್ಜ್ ಹೇಳ್ತಾರೆ, ಟ್ಯಾಲಿ ವರ್ಷನ್ ಬದಲಾದಾಗ ಅದು ಕೆಟ್ಟು ಕೂರುತ್ತೆ, ಮತ್ತೆ ಅವರನ್ನೇ ಕರೀಬೇಕು. ತಿಂಗಳಿಗೊಮ್ಮೆ ಟ್ಯಾಲಿಯಿಂದ ಸೇಲ್ಸ್ ರಿಜಿಸ್ಟರನ್ನ ಎಕ್ಸೆಲ್‌ಗೆ ಇಳ್ಸಿ, ಸಿಆರ್‌ಎಂಲಿ ಬಿಲ್ ಆಯ್ತು ಅಂತ ಇರೋದರ ಜತೆ ಅಕ್ಕಪಕ್ಕ ಇಟ್ಟು ನೋಡಿ. ಟ್ಯಾಲಿಲಿ ಇದ್ದು ಸಿಆರ್‌ಎಂಲಿ ಇಲ್ಲದ ದೊಡ್ಡ ಬಿಲ್ಲುಗಳು ಸಿಕ್ತವೆ, ಅವೇ ನಿಮ್ಮ ಹುಡುಗರು ಬರೀದೇ ಬಿಟ್ಟ ವಿಚಾರಣೆಗಳು. ಈಗ ಕುಯ್ಲಿನ ಹೊತ್ತು, ನಿಮ್ಮ ಅಂಗಡಿಲಿ ರಶ್ ಕಮ್ಮಿ ಇರುತ್ತೆ, ಜಾಬ್ ಕಾರ್ಡ್ ಪುಸ್ತಕ ಇಳಿಸೋ ಕೆಲ್ಸ ಈ ವಾರಾನೇ ಶುರು ಮಾಡ್ಸಿ, ಸ್ಪ್ರಿಂಕ್ಲರ್ ಹಾಕೋರ ಪಟ್ಟಿ ಜನವರಿ ಮೊದಲ ವಾರದೊಳಗೆ ಕೈಲಿರ್ಬೇಕು.